ತೊಟ್ಟಿಯಲ್ಲಿ ನಿಂತು ಕೇಳುತ್ತಿದ್ದವರು

ರಾತ್ರಿ ಊಟ ಮುಗಿಸಿ ಕೂತಿದ್ದಾಗ ಮಗಳ ಫೋನು ಬಂತು. ಪುಣೆಯಲ್ಲಿ ಅವಳು ಹೊಸದಾಗಿ ಬಾಡಿಗೆಗೆ ಹಿಡಿದ ಮನೆಯಲ್ಲಿ ಕರೆಂಟು ಹೋಗಿದೆ, ಎದುರು ಮನೆಯಲ್ಲಿ ಇದೆ.

"ಬೋರ್ಡಿನ ಹತ್ರ ಹೋಗಮ್ಮ. ಬಿದ್ದಿರೋದು ಸಣ್ಣ ಸ್ವಿಚ್ಚೋ ದೊಡ್ಡದೋ?"

"ದೊಡ್ಡದು ಅಪ್ಪ. ಅದರ ಮೇಲೆ ಟೆಸ್ಟ್ ಅಂತ ಒಂದು ಬಟನ್ ಇದೆ."

"ಏನು ಹಾಕಿದಾಗ ಬಿತ್ತು?"

"ಗೀಸರ್. ಹಾಕಿದ ಕೂಡಲೇ ಅಲ್ಲ, ನೀರು ಬಿಸಿ ಆಗ್ತಾ ಇದ್ದಾಗ."

"ಚಪ್ಪಲಿ ಹಾಕ್ಕೊ, ಕೈ ಒರೆಸ್ಕೊ. ಗೀಸರಿನ ಪ್ಲಗ್ಗನ್ನೇ ಕಿತ್ತುಬಿಡು. ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲದು. ಈಗ ದೊಡ್ಡದನ್ನ ಎತ್ತು. ನಿಂತ್ಕೊಂತಾ?"

"ನಿಂತ್ಕೊಂತು ಅಪ್ಪ."

ಅಷ್ಟು ಸಾಕಿತ್ತು. ಸಣ್ಣ ಸ್ವಿಚ್ಚು, ಅಂದರೆ ಎಂಸಿಬಿ, ಬೀಳುವುದು ಆ ಲೈನಿನ ಮೇಲೆ ಹೊರೆ ಹೆಚ್ಚಾದಾಗ ಅಥವಾ ಫೇಸು ನ್ಯೂಟ್ರಲ್ಲು ಒಂದಕ್ಕೊಂದು ತಗುಲಿದಾಗ. ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿಯ ಕೆಲಸ ಬೇರೆ. ಒಂದು ತಂತಿಯಲ್ಲಿ ಹೋದ ಕರೆಂಟು ಇನ್ನೊಂದು ತಂತಿಯಲ್ಲಿ ಅಷ್ಟಕ್ಕಷ್ಟೇ ವಾಪಸು ಬರುತ್ತಿದೆಯೇ ಎಂದು ಅದು ನೋಡುತ್ತಿರುತ್ತದೆ. ಲೆಕ್ಕ ತಪ್ಪಿದರೆ, ಕರೆಂಟು ಇನ್ನೆಲ್ಲಿಂದಲೋ ನೆಲಕ್ಕೆ ಇಳಿಯುತ್ತಿದೆ ಎಂದರ್ಥ. ಮಾರನೆಯ ದಿನ ಬಂದ ಎಲೆಕ್ಟ್ರಿಷಿಯನ್ ಗೀಸರ್ ಬಿಚ್ಚಿ ತೋರಿಸಿದನಂತೆ: ಗಡುಸು ನೀರಿನ ಸುಣ್ಣ ಕಾಯಿಲ್ ಮೇಲೆ ದಪ್ಪಗೆ ಕಟ್ಟಿ, ಅದರ ಕವಚ ಸೀಳುಬಿಟ್ಟಿತ್ತು. ಕಾಯಿಲ್ ಕಾದಂತೆ ಸೀಳು ಬಾಯಿಬಿಟ್ಟು, ಒಳಕ್ಕೆ ಹೋದ ನೀರಿನ ಮೂಲಕ ಕರೆಂಟು ಸೋರುತ್ತಿತ್ತು.

ಅವಳು ಥ್ಯಾಂಕ್ಸ್ ಹೇಳಿ ಫೋನಿಟ್ಟ ಮೇಲೆ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ನಾನು ಕೇಳಿದ ಪ್ರಶ್ನೆಗಳೂ ಕೇಳಿದ ಧಾಟಿಯೂ ಇನ್ನೊಬ್ಬರವು. ಕಣ್ಣಿಗೆ ಕಾಣದ ರಿಪೇರಿಯನ್ನು ಬರೀ ಮಾತಿನಿಂದ ಹಿಡಿಯುವುದನ್ನು ನನಗೆ ಕಲಿಸಿದವರು ತಿಪಟೂರಿನ ಕಡೆಯ ನಮ್ಮೂರಿನಲ್ಲಿದ್ದ ಒಬ್ಬ ಸಾಬರು. ಗಂಡಸರು ಅವರನ್ನು ಕರೆಂಟ್ ಸಾಬರು ಅನ್ನುತ್ತಿದ್ದರು. ಹೆಂಗಸರಿಗೆ, ಮಕ್ಕಳಿಗೆ ಅವರು ಸಾಬಣ್ಣ.

1980ರ ದಶಕದ ಮಾತು. ತೆಂಗಿನ ತೋಟಗಳ ನಡುವಿನ ಊರು. ಕೊಬ್ಬರಿ ದುಡ್ಡಿದ್ದವರದ್ದು ತೊಟ್ಟಿಮನೆ, ಇಲ್ಲದವರದ್ದು ಹಂಚಿನ ಮನೆ. ಹಟ್ಟಿಯ ಕೆಲವು ಮನೆಗಳಲ್ಲಿ ಭಾಗ್ಯಜ್ಯೋತಿ ಯೋಜನೆಯ ಒಂದೊಂದು ಬಲ್ಬು ಆಗಷ್ಟೇ ಹತ್ತಿತ್ತು. ಸಾಬಣ್ಣನ ಹತ್ತಿರ ಒಂದು ಸೈಕಲ್ಲು, ಕ್ಯಾರಿಯರಿಗೆ ಕಟ್ಟಿದ ಕ್ಯಾನ್ವಾಸ್ ಚೀಲ. ಅದರಲ್ಲಿ ಕಟಿಂಗ್ ಪ್ಲೇಯರು, ಟೆಸ್ಟರು, ಇನ್ಸುಲೇಷನ್ ಟೇಪು, ಪಟ್ಟಿ ವೈರಿಂಗಿನ ತಗಡಿನ ಕ್ಲಿಪ್ಪು, ಎರಡು ತಂತಿ ಬಿಟ್ಟುಕೊಂಡ ಹೋಲ್ಡರಿಗೆ ಸಿಕ್ಕಿಸಿದ ಒಂದು ಬಲ್ಬು. ಆ ಬಲ್ಬೇ ಅವರ ಟೆಸ್ಟ್ ಲ್ಯಾಂಪು.

ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ನಾನು ಅವರ ಜೊತೆ ತಿರುಗುತ್ತಿದ್ದೆ. ನಮ್ಮ ಮನೆಯವರು ಬೇಡ ಅನ್ನಲಿಲ್ಲ, ಹುಡುಗ ಕೈಕೆಲಸ ಕಲಿಯಲಿ ಅಂದರು. ಊರಿನ ದೊಡ್ಡ ಮನೆಗಳವರಂತೂ "ಹುಡುಗನ್ನ ಕರ್ಕೊಂಡೇ ಬಾರಪ್ಪ" ಎಂದು ಸಾಬಣ್ಣನಿಗೆ ಹೇಳಿ ಕಳಿಸುತ್ತಿದ್ದರು. ಅದರ ಕಾರಣ ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸಾಬಣ್ಣ ಜಗಲಿಗೆ ಬರಬಹುದು, ತೊಟ್ಟಿಗೆ ಬರಬಹುದು. ಅಡುಗೆಮನೆಗೆ, ದೇವರ ಮನೆಗೆ ಬರುವಂತಿರಲಿಲ್ಲ. ಕರೆಂಟು ಮಾತ್ರ ಎಲ್ಲ ಕೋಣೆಗೂ ಹೋಗಿತ್ತು, ಕೆಡುವುದೂ ಎಲ್ಲ ಕೋಣೆಯಲ್ಲಿತ್ತು. ಹಾಗಾಗಿ ಒಳಗೆ ಹೋಗಬಲ್ಲ ಒಬ್ಬ ಹುಡುಗ ಬೇಕಾಗಿದ್ದ.

ಅವರು ತೊಟ್ಟಿಯಲ್ಲಿ ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು. ಮೇನ್ ಆಫ್ ಆಗಿದೆ ಎಂದು ತಾವೇ ಎರಡು ಸಲ ನೋಡಿ, ಆಮೇಲೆ ನನ್ನನ್ನು ಒಳಗೆ ಕಳಿಸುತ್ತಿದ್ದರು. ಅಲ್ಲಿಂದಲೇ ಪ್ರಶ್ನೆ. "ಸ್ಕ್ರೂ ಬಣ್ಣ ಏನಾಗಿದೆ ಮಗಾ, ಹಳದಿ ಹಂಗೇ ಇದ್ಯಾ, ಕಪ್ಪಾಗಿದ್ಯಾ? ವೈರಿನ ಮೇಲಿನ ರಬ್ಬರು ಮೆತ್ತಗಿದ್ಯಾ, ಮುರಿದು ಉದುರುತ್ತಾ? ವಾಸನೆ ನೋಡು. ಗೋಡೆ ಮುಟ್ಟಿ ನೋಡು, ತೇವ ಇದ್ಯಾ?" ನಾನು "ಸುಟ್ಟುಹೋಗಿದೆ" ಎಂದು ಕೂಗಿದರೆ ಅವರಿಗೆ ಸಮಾಧಾನವಿಲ್ಲ. "ಎಲ್ಲಿ ಸುಟ್ಟಿದೆ? ನಡೂಗೋ ತುದೀಗೋ?" ಎಂದು ಮತ್ತೆ ಕೇಳುತ್ತಿದ್ದರು.

ನಡುವೋ ತುದಿಯೋ ಎಂಬುದರಲ್ಲಿ ಎಷ್ಟೊಂದು ಅಡಗಿತ್ತು ಎಂಬುದನ್ನು ಫ್ಯೂಸಿನಲ್ಲಿ ನೋಡಿದೆ. ಪಿಂಗಾಣಿಯ ಕಿಟ್‌ಕ್ಯಾಟ್ ಕಿತ್ತು ಅವರ ಕೈಗೆ ಕೊಟ್ಟರೆ, ಕನ್ನಡಕ ಏರಿಸಿ ಓದುತ್ತಿದ್ದರು. ತಂತಿ ನಡುವೆ ಮಾತ್ರ ಕರಗಿ ಎರಡು ತುದಿಯಲ್ಲಿ ಸಣ್ಣ ಮಣಿ ಕಟ್ಟಿದ್ದರೆ ಅದು ಹೊರೆ ಹೆಚ್ಚಾಗಿ ನಿಧಾನಕ್ಕೆ ಕಾದು ಹೋದದ್ದು. ಇಸ್ತ್ರಿಪೆಟ್ಟಿಗೆಯೋ ನೀರಿಗಿಡುವ ಕಾಯಿಲ್ಲೋ ಲೈಟಿನ ಲೈನಿಗೆ ಹಾಕಿರುತ್ತಾರೆ. ತಂತಿಯ ಗುರುತೇ ಇಲ್ಲದೆ ಪಿಂಗಾಣಿಯೆಲ್ಲ ಮಸಿ ಹಿಡಿದಿದ್ದರೆ ಅದು ಶಾರ್ಟು. ಹೋಲ್ಡರಿನೊಳಗೋ ಇಲಿ ಕಡಿದ ಜಾಗದಲ್ಲೋ ಎರಡು ತಂತಿ ಕೂಡಿಕೊಂಡಿವೆ, ಹುಡುಕದೆ ಹೊಸ ತಂತಿ ಹಾಕಬಾರದು. ಸ್ಕ್ರೂವಿನ ಬುಡದಲ್ಲೇ ಬಣ್ಣಗೆಟ್ಟು ಮುರಿದಿದ್ದರೆ ದೋಷ ಮನೆಯಲ್ಲಿಲ್ಲ, ಫ್ಯೂಸಿನಲ್ಲೇ ಇದೆ: ಸ್ಕ್ರೂ ಸಡಿಲ. "ಫ್ಯೂಸ್ ಹೋಯ್ತು ಅಂತ ಬೈಬೇಡಿ ತಾಯಿ, ಅದು ನಿಮ್ಮ ಮನೆ ಕಾಯ್ತು" ಎಂದು ಮನೆಯವರಿಗೆ ಹೇಳುತ್ತಿದ್ದರು.

ಸಡಿಲ ಸ್ಕ್ರೂವೇ ಆ ಕಾಲದ ಅರ್ಧ ರಿಪೇರಿಗಳ ಬೇರು. ತಾಮ್ರ ದುಬಾರಿ ಎಂದು ಎಷ್ಟೋ ಮನೆಗಳಿಗೆ ಅಲ್ಯೂಮಿನಿಯಂ ವೈರು ಎಳೆದಿದ್ದರು. ಅಲ್ಯೂಮಿನಿಯಂ ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಜಗ್ಗಿ ಚಪ್ಪಟೆಯಾಗುತ್ತದೆ, ಮೇಲೆ ಕರೆಂಟು ಹರಿಯದ ಪೊರೆ ಕಟ್ಟುತ್ತದೆ. ಹಿಡಿತ ಸಡಿಲವಾದ ಕಡೆ ತಡೆ ಹೆಚ್ಚು, ತಡೆ ಹೆಚ್ಚಾದ ಕಡೆ ಕಾವು, ಕಾದಂತೆಲ್ಲ ಹಿಡಿತ ಇನ್ನೂ ಸಡಿಲ. ಒಂದು ಲಿಂಗಾಯತರ ಮನೆಯ ಹಿರಿಯಮ್ಮ ನನ್ನನ್ನು ಅಡುಗೆಮನೆಗೆ ಕರೆದು, ಯಾರಿಗೂ ಕೇಳಿಸದ ಹಾಗೆ, "ಬೋರ್ಡಿನ ಹತ್ರ ಮೀನು ಸುಟ್ಟ ವಾಸನೆ ಬರುತ್ತೆ ಕಣಪ್ಪ" ಅಂದರು. ಅವರ ಮನೆಯಲ್ಲಿ ಆ ಮಾತು ಹೇಳುವುದೇ ಕಷ್ಟ. ಮಗ ನಕ್ಕುಬಿಟ್ಟಿದ್ದನಂತೆ. ನಾನು ಹೊರಗೆ ಬಂದು ಹೇಳಿದ್ದೇ ತಡ, ಸಾಬಣ್ಣ ಮೇನ್ ಇಳಿಸಿದರು. ಸ್ವಿಚ್ಚುಬೋರ್ಡಿನ ಪ್ಲಾಸ್ಟಿಕ್ಕು, ಬೇಕಲೈಟು ಒಳಗೊಳಗೇ ಬೇಯುವಾಗ ಬರುವುದು ಅಂಥದೇ ವಾಸನೆ. ಹಿಂಬದಿಯ ಮರದ ಪೆಟ್ಟಿಗೆ ಆಗಲೇ ಕರಿಯಾಗಿತ್ತು. ಇನ್ನು ಕೆಲವು ದಿನ ಬಿಟ್ಟಿದ್ದರೆ ತೇಗದ ಪಟ್ಟಿಯುದ್ದಕ್ಕೂ ಬೆಂಕಿ ಹತ್ತುತ್ತಿತ್ತು.

ಹೀಗೆ ಹೆಂಗಸರು ಹೇಳುತ್ತಿದ್ದ ಮಾತುಗಳು ಸಾಬಣ್ಣನಿಗೆ ಮೀಟರಿನ ಮುಳ್ಳಿಗಿಂತ ಹೆಚ್ಚು. "ಫ್ಯಾನು ಕೈಯಲ್ಲಿ ನೂಕಿದರೆ ತಿರುಗುತ್ತೆ" ಅಂದರೆ ಕಂಡೆನ್ಸರು ಹೋಗಿದೆ. "ಟ್ಯೂಬಿನ ಎರಡೂ ತುದಿ ಹತ್ತಿಕೊಂಡೇ ಇರುತ್ತೆ, ನಡು ಹತ್ತಲ್ಲ" ಅಂದರೆ ಸ್ಟಾರ್ಟರು ಅಂಟಿಕೊಂಡಿದೆ. ತುದಿ ಕಪ್ಪಾಗಿ ಮಿಣಿಮಿಣಿ ಅಂದರೆ ಟ್ಯೂಬಿಗೇ ವಯಸ್ಸಾಗಿದೆ. ಸಂಜೆ ಮಾತ್ರ ಹತ್ತದೆ ನಡುರಾತ್ರಿ ಹತ್ತಿದರೆ ಟ್ಯೂಬು ಸರಿಯಿದೆ, ವೋಲ್ಟೇಜ್ ಇಲ್ಲ. "ಇಸ್ತ್ರಿಪೆಟ್ಟಿಗೆ ವೈರು ಅಲುಗಿಸಿದರೆ ಬಿಸಿಯಾಗುತ್ತೆ" ಅಂದರೆ ವೈರು ಪೆಟ್ಟಿಗೆಯೊಳಕ್ಕೆ ಹೋಗುವ ಬಾಗಿನಲ್ಲಿ ಒಳಗೇ ತುಂಡಾಗಿದೆ. "ಸ್ವಿಚ್ ಆಫ್ ಮಾಡಿದ್ದೆ, ಆದರೂ ಬಲ್ಬು ಬದಲಿಸುವಾಗ ಹೊಡೀತು" ಅಂದರೆ ವೈರಿಂಗ್ ಮಾಡಿದವನು ಸ್ವಿಚ್ಚನ್ನು ಫೇಸಿಗೆ ಕೊಡದೆ ನ್ಯೂಟ್ರಲ್ಲಿಗೆ ಕೊಟ್ಟಿದ್ದಾನೆ. ಬಲ್ಬು ಆರುತ್ತದೆ, ಹೋಲ್ಡರಿನಲ್ಲಿ ಕರೆಂಟು ಉಳಿದಿರುತ್ತದೆ.

ಅವರ ಈ ವಿದ್ಯೆಯನ್ನು ಇಡೀ ಊರು ಕಂಡದ್ದು ಒಂದು ಮಳೆಗಾಲದ ರಾತ್ರಿ. ಗಾಳಿ ಬೀಸಿತ್ತು, ಕರೆಂಟು ಹೋಗಿರಲಿಲ್ಲ. ನಮ್ಮ ಬೀದಿಯ ಕೆಲವು ಮನೆಗಳಲ್ಲಿ ಬಲ್ಬು ಮಂಕಾಗಿ ಕೆಂಡದ ಬಣ್ಣಕ್ಕಿಳಿದರೆ, ಪಕ್ಕದ ಮನೆಗಳಲ್ಲಿ ಕಣ್ಣು ಕುಕ್ಕುವ ಬೆಳಕು. ಒಂದು ಮನೆಯಲ್ಲಿ ರೇಡಿಯೋ ಹೊಗೆಯಾಡಿತು. ದೆವ್ವದ ಕಾಟ ಎಂದವರೂ ಇದ್ದರು. ಸಾಬಣ್ಣ ಬೀದಿಗೆ ಬಂದು ನಿಂತವರೇ "ಎಲ್ಲರೂ ಮೇನ್ ಇಳಿಸಿ! ಒಂದು ಬಲ್ಬೂ ಉರೀಬಾರದು!" ಎಂದು ಕೂಗಿಸಿದರು. ಆಮೇಲೆ ಹುಡುಗರನ್ನು ಮನೆಮನೆಗೆ ಓಡಿಸಿ ವಿಚಾರಿಸಿದರು: ಯಾರ ಮನೆಯಲ್ಲಿ ಮಂಕಾಗಿತ್ತು, ಯಾರ ಮನೆಯಲ್ಲಿ ಹೆಚ್ಚಾಗಿತ್ತು, ಯಾರ ಮನೆಯಲ್ಲಿ ಏನೂ ಆಗಿರಲಿಲ್ಲ. ದೇವಸ್ಥಾನದ ಕಂಬದವರೆಗೆ ಎಲ್ಲ ಸರಿ, ಅಲ್ಲಿಂದಾಚೆ ಗೋಳು. "ಆ ಕಂಬದಲ್ಲಿ ನ್ಯೂಟ್ರಲ್ ಕಿತ್ತಿದೆ" ಅಂದರು. ಬೆಳಿಗ್ಗೆ ಲೈನ್‌ಮನ್ ಹತ್ತಿ ನೋಡಿದಾಗ ಇದ್ದದ್ದು ಅದೇ.

ಆ ರಾತ್ರಿ ನಡೆದದ್ದರ ಒಳಗುಟ್ಟು ನನಗೆ ತಿಳಿದದ್ದು ಮುಂದೆ ಡಿಪ್ಲೊಮಾ ಓದುವಾಗ. ಬೀದಿಯಲ್ಲಿ ಬರುವುದು ಮೂರು ಫೇಸು. ಒಂದೊಂದಕ್ಕೂ ನ್ಯೂಟ್ರಲ್ಲಿಗೂ ನಡುವೆ ಸುಮಾರು 230 ವೋಲ್ಟ್, ಎರಡು ಫೇಸುಗಳ ನಡುವೆ 400 ವೋಲ್ಟ್. ನ್ಯೂಟ್ರಲ್ ಕಿತ್ತಾಗ ಬೇರೆ ಬೇರೆ ಫೇಸಿನ ಮನೆಗಳು ಒಂದರ ಹಿಂದೊಂದು ಜೋಡಣೆಯಾಗಿ ಆ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಹೆಚ್ಚು ಸಾಮಾನು ಹಾಕಿಕೊಂಡ ಮನೆಯ ಪಾಲಿಗೆ ಕಡಿಮೆ, ಒಂದೇ ಬಲ್ಬು ಉರಿಸುವ ಬಡವರ ಮನೆಯ ಪಾಲಿಗೆ ಜಾಸ್ತಿ. ಸುಟ್ಟುಹೋಗುವುದು ಅವರದ್ದೇ. ಸಾಬಣ್ಣ ಈ ಲೆಕ್ಕ ಓದಿದವರಲ್ಲ. ಇಡೀ ಬೀದಿಯ ಮಾತನ್ನು ಜೋಡಿಸಿಕೊಂಡು ಆ ಕಂಬಕ್ಕೆ ಮುಟ್ಟಿದ್ದರು.

ನನ್ನನ್ನು ಇಂದಿಗೂ ಕಾಡುವ ಮಾತು ಒಂದಿದೆ: "ಜುಂ ಅನ್ನುತ್ತೆ." ಒರಳುಕಲ್ಲು ಬಿಟ್ಟು ಉಳ್ಳವರ ಮನೆಗಳಿಗೆ ಗ್ರೈಂಡರು ಬಂದ ಕಾಲ ಅದು. ಪ್ಲಗ್ಗಿಗೆ ಮೂರು ಕಡ್ಡಿ, ಗೋಡೆಯಲ್ಲಿದ್ದದ್ದು ಎರಡು ತೂತಿನ ಸಾಕೆಟ್ಟು. ದಪ್ಪಗಿದ್ದ ಮೂರನೆಯ ಕಡ್ಡಿಯನ್ನು ಮುರಿದು ಹಾಕುತ್ತಿದ್ದರು, ಅದಿಲ್ಲದೆಯೂ ಕಲ್ಲು ತಿರುಗುತ್ತಿತ್ತಲ್ಲ. ಆ ಕಡ್ಡಿ ಅರ್ತಿಂಗಿನದು. ಮೋಟರಿನೊಳಗೆ ತೇವ ಹೋಗಿ ಕರೆಂಟು ಮೈಗೆ ಬಂದರೆ ಅದನ್ನು ನೆಲಕ್ಕಿಳಿಸುವ ದಾರಿ ಅದೊಂದೇ. ಹಿಟ್ಟು ರುಬ್ಬುವಾಗ ಜುಂ ಅನ್ನುತ್ತೆ ಎಂದು ಹೆಂಗಸರು ಹೇಳಿದರೆ ಗಂಡಸರು ಬಂದು ಮುಟ್ಟಿ ನೋಡಿ, "ಎಲ್ಲಿ, ನನಗೇನೂ ಆಗಲಿಲ್ಲವಲ್ಲ" ಎಂದು ಹೊರಟುಬಿಡುತ್ತಿದ್ದರು. ಅವರ ಕಾಲಲ್ಲಿ ಹವಾಯಿ ಚಪ್ಪಲಿ, ಕೈ ಒಣಕಲು. ರುಬ್ಬುವವಳು ಬರಿಗಾಲಲ್ಲಿ ಒದ್ದೆ ಕಲ್ಲುಚಪ್ಪಡಿಯ ಮೇಲೆ ಕೂತು, ಹಿಟ್ಟಿನ ಕೈ ಹಾಕಿ ತಳ್ಳುತ್ತಿರುತ್ತಾಳೆ. ಒದ್ದೆ ಚರ್ಮ ಕರೆಂಟಿಗೆ ಒಡ್ಡುವ ತಡೆ ಒಣ ಚರ್ಮದ್ದಕ್ಕಿಂತ ಎಷ್ಟೋ ಪಾಲು ಕಡಿಮೆ. ಇಬ್ಬರೂ ಕಂಡದ್ದನ್ನೇ ಹೇಳಿದರು. ಮನೆ ನಂಬಿದ್ದು ಒಬ್ಬರದ್ದನ್ನು.

ಸಾಬಣ್ಣ ತೊಟ್ಟಿಯಿಂದಲೇ ಕೇಳುತ್ತಿದ್ದರು: "ಯಾವಾಗ ಜುಂ ಅನ್ನುತ್ತೆ ಅಕ್ಕ, ಕಾಲು ಒದ್ದೆ ಇದ್ದಾಗಲೋ? ಪ್ಲಗ್ ತಿರುಗಿಸಿ ಹಾಕಿದರೂ ಅನ್ನುತ್ತಾ?" ಕೇಳಿದ ಮೇಲೆ ಮನೆಯ ಯಜಮಾನರಿಗೆ ಅರ್ತಿಂಗ್ ಮಾಡಿಸಿ ಅನ್ನುತ್ತಿದ್ದರು. ಬಚ್ಚಲ ನೀರು ಹರಿಯುವ ಕಡೆ ಆಳದ ಗುಂಡಿ, ಜಿಐ ಪೈಪು, ಸುತ್ತಲೂ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು. ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಮುಗಿದ ಮೇಲೆ ಟೆಸ್ಟ್ ಲ್ಯಾಂಪಿನ ಒಂದು ತಂತಿ ಫೇಸಿಗೆ, ಇನ್ನೊಂದು ಅರ್ತಿಗೆ ಹಿಡಿದರೆ ಬಲ್ಬು ಪೂರ್ತಿ ಬೆಳಗಬೇಕು, ಮಂಕಾದರೆ ಕೆಲಸ ಕೆಟ್ಟಿದೆ. ಮಾಡಿಸಿದವರು ಕೆಲವರೇ. ಬೆಳಕು ಕೊಡದ, ಕಣ್ಣಿಗೆ ಕಾಣದ ಗುಂಡಿಗೆ ಯಾಕೆ ದುಡ್ಡು ಸುರಿಯಬೇಕು ಎಂದೇ ಹೆಚ್ಚಿನವರ ವಾದ.

ನಾನು ಹೈಸ್ಕೂಲು ಮುಗಿಸುವ ವರ್ಷ, ಮಳೆ ಹಿಡಿದ ಒಂದು ಬೆಳಿಗ್ಗೆ, ಹಿಂದಿನ ಬೀದಿಯ ಒಬ್ಬ ಸೊಸೆ ಬಟ್ಟೆ ಒಣಹಾಕುವ ತಂತಿ ಹಿಡಿದವಳು ಹಾಗೇ ಬಿದ್ದಳು, ಏಳಲಿಲ್ಲ. ಬಚ್ಚಲಿಗೊಂದು ಬಲ್ಬು ಬೇಕೆಂದು ಮನೆಯವರೇ ಉಳಿದ ವೈರು ಎಳೆದು ತಗಡಿನ ಸೂರಿನ ಮೇಲೆ ಹಾಯಿಸಿದ್ದರು. ಗಾಳಿಗೆ ವೈರು ಉಜ್ಜಿ ಉಜ್ಜಿ, ತಗಡಿನ ಅಂಚು ರಬ್ಬರನ್ನು ಕತ್ತರಿಸಿತ್ತು. ತಂತಿ ಕಟ್ಟಿದ್ದು ಅದೇ ತಗಡು ಹೊತ್ತ ಕಬ್ಬಿಣದ ಕಂಬಕ್ಕೆ. ಎರಡು ದಿನ ಮೊದಲೇ ಅವಳು ಹೇಳಿದ್ದಳಂತೆ, ತಗಡು ಮುಟ್ಟಿದರೆ ಜುಂ ಅನ್ನುತ್ತೆ ಎಂದು. ನಿಶ್ಶಕ್ತಿ ಇರಬೇಕು ಅಂದಿದ್ದರು.

ಊರು ದೂರಿದ್ದು ಸಾಬಣ್ಣನನ್ನು. ಆ ಮನೆಯ ಫ್ಯೂಸಿನಲ್ಲಿ ದಪ್ಪ ತಾಮ್ರದ ಎಳೆಗಳಿದ್ದವು, ಹಾಕಿದವರು ಅವರೇ. ಪದೇ ಪದೇ ಫ್ಯೂಸ್ ಹೋಗುತ್ತೆ, ದಪ್ಪದ್ದು ಹಾಕು ಎಂದು ಯಜಮಾನರು ಪಟ್ಟು ಹಿಡಿದಿದ್ದರು. ಆ ಆರೋಪ ಎಷ್ಟು ನಿಜ ಎಂದು ನಾನು ಬಹಳ ವರ್ಷ ಯೋಚಿಸಿದ್ದೇನೆ. ಓದಿ, ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಕೆಲಸ ಮಾಡಿ ತಿಳಿದ ಮೇಲೆ ಹೇಳುತ್ತೇನೆ: ಸರಿಯಾದ 5 ಆಂಪಿಯರಿನ ಫ್ಯೂಸ್ ತಂತಿ ಇದ್ದಿದ್ದರೂ ಅವಳು ಉಳಿಯುತ್ತಿರಲಿಲ್ಲ. ಮನುಷ್ಯನ ಗುಂಡಿಗೆ ನಿಲ್ಲಿಸಲು ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಕೂಡ ಸಾಕು. ಅಷ್ಟಕ್ಕೆ ಯಾವ ಫ್ಯೂಸೂ ಕರಗುವುದಿಲ್ಲ. ಫ್ಯೂಸು, ಎಂಸಿಬಿ ಕಾಯುವುದು ವೈರನ್ನು, ಮನೆಯನ್ನು. ಮೈಯನ್ನು ಕಾಯಲು ಒಳ್ಳೆಯ ಅರ್ತಿಂಗ್ ಬೇಕು, ಸೋರಿಕೆ ಹಿಡಿಯುವ ಆರ್‌ಸಿಸಿಬಿ ಬೇಕು. ಆರ್‌ಸಿಸಿಬಿ ಆಗ ನಮ್ಮ ಊರಿನ ಯಾವ ಮನೆಯಲ್ಲೂ ಇರಲಿಲ್ಲ.

ಹಾಗೆಂದು ಸಾಬಣ್ಣನದ್ದು ಏನೂ ತಪ್ಪಿರಲಿಲ್ಲ ಎನ್ನಲಾರೆ. ದಪ್ಪ ತಂತಿ ಹಾಕಿದರೆ ಗೋಡೆಯೊಳಗಿನ ವೈರೇ ಫ್ಯೂಸಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ನನಗೆ ಹೇಳಿಕೊಟ್ಟವರೂ ಅವರೇ. ತಗಡಿನ ಮೇಲೆ ಜೋತುಬಿದ್ದ ವೈರನ್ನೂ ನೋಡಿದ್ದರು. ಒಂದು ಸಲ ಹೇಳಿದ್ದರು, ಇನ್ನೊಂದು ಸಲ ಹೇಳಲಿಲ್ಲ. ಹುಡುಗನಾಗಿದ್ದಾಗ ಇದು ನನಗೆ ಹೇಡಿತನವಾಗಿ ಕಂಡಿತ್ತು. ಈಗ ಬೇರೆಯೂ ಕಾಣುತ್ತದೆ. ಅಡುಗೆಮನೆಯ ಹೊಸ್ತಿಲು ದಾಟಬಾರದವರು ಆ ಮನೆಯ ಯಜಮಾನನಿಗೆ ಯಾವ ಬಾಯಿಂದ ಗದರಿಸಿ ಹೇಳಬೇಕಿತ್ತು? ಅವರಿಗೆ ಟೀ ಕೊಡುತ್ತಿದ್ದ ಲೋಟ ಜಗಲಿಯ ಗೂಡಿನಲ್ಲಿ ಬೇರೆಯಾಗಿ ಇರುತ್ತಿತ್ತು. ಕುಡಿದು, ತೊಳೆದು, ಅಲ್ಲೇ ಇಟ್ಟು ಬರುತ್ತಿದ್ದರು. ಮಾತು ಕೇಳಿಸಿಕೊಳ್ಳುವುದರಲ್ಲಿ ಅವರಷ್ಟು ಪಳಗಿದವರನ್ನು ನಾನು ಕಂಡಿಲ್ಲ. ಅವರ ಮಾತು ಕೇಳಬೇಕಾದ ಜಾಗದಲ್ಲಿ ಊರು ಅವರನ್ನು ನಿಲ್ಲಿಸಲಿಲ್ಲ. ನಾನು ಒಳಗೆ ಓಡಾಡುವುದನ್ನು ದೊಡ್ಡ ಗೌರವ ಎಂದುಕೊಂಡಿದ್ದ ಆ ದಿನಗಳಲ್ಲಿ, ಅವರು ದಿನವೂ ನುಂಗುತ್ತಿದ್ದ ಅವಮಾನದ ಮೇಲೆ ನನ್ನ ವಿದ್ಯೆ ಬೆಳೆಯಿತು.

ಆ ಸಾವಿನ ಮೇಲೆ ಅವರಿಗೆ ಕೆಲಸ ಕಡಿಮೆಯಾಯಿತು. ಮಗನ ಜೊತೆ ತುಮಕೂರಿಗೆ ಹೋದರು, ಅಲ್ಲೇ ತೀರಿಕೊಂಡರು ಎಂದು ತಡವಾಗಿ ತಿಳಿಯಿತು.

ಈಗ ಊರಿನ ಮನೆಗಳಲ್ಲಿ ವೈರು ಗೋಡೆಯೊಳಗಿನ ಪೈಪಿನಲ್ಲಿ ಹೋಗುತ್ತದೆ, ತಾಮ್ರದ್ದು. ಕಿಟ್‌ಕ್ಯಾಟ್ ಹೋಗಿ ಎಂಸಿಬಿ ಬಂದಿದೆ. ಎಲೆಕ್ಟ್ರಿಷಿಯನ್ ಸೀದಾ ಅಡುಗೆಮನೆಗೆ ಬರುತ್ತಾನೆ. ಇವೆಲ್ಲ ಒಳ್ಳೆಯ ಬದಲಾವಣೆಗಳು, ನನಗೆ ಹಳೆಯ ದಿನಗಳ ಹಂಬಲವಿಲ್ಲ. ದಪ್ಪ ತಂತಿ ಹಾಕುವ ಚಾಳಿ ಮಾತ್ರ ಹೆಸರು ಬದಲಿಸಿಕೊಂಡು ಉಳಿದಿದೆ. 16 ಆಂಪಿಯರಿನ ಎಂಸಿಬಿ ಬೀಳುತ್ತದೆಂದು 32ರದ್ದು ಹಾಕಿಸುತ್ತಾರೆ, ವೈರು ಮಾತ್ರ ಹಳೆಯದೇ. ಮಳೆಗಾಲದಲ್ಲಿ ಆರ್‌ಸಿಸಿಬಿ ಪದೇ ಪದೇ ಬಿದ್ದರೆ ತೇವ ಎಲ್ಲಿದೆ ಎಂದು ಹುಡುಕುವ ಬದಲು ಅದನ್ನೇ ತಪ್ಪಿಸಿ ನೇರ ಕೊಡಿಸುತ್ತಾರೆ. ಮೂರು ತೂತಿನ ಸಾಕೆಟ್ಟು ಎಲ್ಲ ಕಡೆ ಇದೆ, ಮೂರನೆಯ ತೂತಿನ ಹಿಂದೆ ತಂತಿ ಇಲ್ಲದ ಮನೆಗಳನ್ನು ನಾನು ಬೆಂಗಳೂರಿನಲ್ಲೂ ನೋಡಿದ್ದೇನೆ. ಟೆಸ್ಟ್ ಬಟನ್ ಇರುವುದು ತಿಂಗಳಿಗೊಮ್ಮೆ ಒತ್ತಿ ನೋಡಲು. ಒತ್ತಿದಾಗ ಬೀಳದ ಆರ್‌ಸಿಸಿಬಿ ಯಾರನ್ನೂ ಉಳಿಸದು. ಬಾಡಿಗೆಗೆ ಹೋಗುವ ಮಕ್ಕಳಿಗೆ, ಮನೆಗೆಲಸಕ್ಕೆ ಬರುವವರಿಗೆ ಅದನ್ನು ಹೇಳಿಕೊಡಬೇಕು.

ಮನೆಗಳಿಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿದಾಗ ಬೀಳುವಂಥದ್ದು. ಮನುಷ್ಯರ ಬೆರಳಿಗೆ ಒಂದು ಮಿಲಿ ಆಂಪಿಯರ್ ಹರಿದರೇ ಜುಂ ಅನ್ನಿಸುತ್ತದೆ. ನಾವು ದುಡ್ಡು ಕೊಟ್ಟು ತಂದ ಸಾಧನಕ್ಕಿಂತ ಎಷ್ಟೋ ಮೊದಲೇ, ಪಾತ್ರೆ ತೊಳೆಯುವವಳ, ಬಟ್ಟೆ ಒಗೆಯುವವಳ ಬೆರಳಿಗೆ ಸುದ್ದಿ ಮುಟ್ಟಿರುತ್ತದೆ. ಅವಳು ಹೇಳಿದಾಗ ಒಣ ಕೈಯಲ್ಲಿ ಮುಟ್ಟಿ ಪರೀಕ್ಷೆ ಮಾಡಲು ಹೋಗಬೇಡಿ. ಮೊದಲು ಮೇನ್ ಇಳಿಸಿ, ಆಮೇಲೆ ಅವಳನ್ನು ಕೇಳಿ: ಎಲ್ಲಿ, ಯಾವಾಗ, ಏನು ಹಾಕಿದ್ದಾಗ.